ಅಪ್ಪನ ಕ್ರಿಯಾಟಿನಿನ್ 1.9 ಬಂದಿದೆ, ಈಗ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಅಪ್ಪನಿಗೆ 58 ವರ್ಷ. 12 ವರ್ಷದಿಂದ ಶುಗರ್, ಐದಾರು ವರ್ಷದಿಂದ ಬಿಪಿ ಇದೆ. ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾರೆ. ಹೊಲದ ಕೆಲಸ ಇದ್ದರೆ ದಿನಕ್ಕೆ ಎರಡು. ಕಳೆದ ತಿಂಗಳು ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.9 ಬಂತು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎರಡು ಪ್ಲಸ್. ಡಾಕ್ಟರು ಟೆಲ್ಮಿಸಾರ್ಟನ್, ಡಪಾಗ್ಲಿಫ್ಲೋಜಿನ್ ಎಂಬ ಎರಡು ಹೊಸ ಮಾತ್ರೆ ಬರೆದಿದ್ದಾರೆ. ಆದರೆ ಅಪ್ಪನಿಗೆ ಎಲ್ಲೂ ನೋವಿಲ್ಲ. ಮೂತ್ರ ಚೆನ್ನಾಗಿ ಹೋಗುತ್ತೆ, ರಾತ್ರಿ ಮೂರು ಸಲ ಏಳುತ್ತಾರೆ ಅಷ್ಟೆ. ಶುಗರ್ ಕೂಡ ಈಚೆಗೆ ತಾನಾಗೇ ಇಳಿದಿದೆ. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದಿನಕ್ಕೆ ಐದು ಲೀಟರ್ ನೀರು ಕುಡಿಸಿ, ಬಾಳೆದಿಂಡಿನ ರಸ ಕೊಡಿ, ಇಂಗ್ಲಿಷ್ ಮಾತ್ರೆಯಿಂದಲೇ ಕಿಡ್ನಿ ಹೋಗಿದೆ, ಡಯಾಲಿಸಿಸ್ ಒಮ್ಮೆ ಶುರುವಾದರೆ ಮುಗೀತು ಅಂತೆಲ್ಲ. ಕ್ರಿಯಾಟಿನಿನ್ ಇಳಿಸುವ ಪುಡಿ ಇದೆ ಎಂದು ಸಂಬಂಧಿಕರೊಬ್ಬರು ತಂದೂ ಇಟ್ಟಿದ್ದಾರೆ. ಅಪ್ಪನಿಗೆ ಇನ್ನೂ ಪೂರ್ತಿ ವಿಷಯ ಹೇಳಿಲ್ಲ. ದಯವಿಟ್ಟು ದಾರಿ ತೋರಿಸಿ.
(ಹೆಸರು, ಊರು ಬೇಡವೆಂದು ಕೇಳಿದ ಓದುಗರು)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಕಡೆ ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಒಂದು, ಮೊಣಕಾಲಿನ ಮಾತ್ರೆ. ಇನ್ನೊಂದು, ಶುಗರ್ ತಾನಾಗೇ ಇಳಿದಿದೆ ಎಂದು ನೀವು ಸಮಾಧಾನದಿಂದ ಬರೆದ ಸಾಲು. ಊರಿನವರ ಮಾತಿಗೆ ಆಮೇಲೆ ಬರೋಣ. ಈ ಎರಡಕ್ಕೂ ನಾಳೆಯವರೆಗೆ ಕಾಯುವುದು ಬೇಡ.

ನೋವಿನ ಮಾತ್ರೆಯನ್ನು ಇವತ್ತೇ ನಿಲ್ಲಿಸಿ. ಮಾತ್ರೆಯ ಪಟ್ಟಿಯ ಹಿಂಭಾಗ ತಿರುಗಿಸಿ ಓದಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್, ಈ ಹೆಸರುಗಳಲ್ಲಿ ಯಾವುದಾದರೂ ಒಂದು ಇರುವುದೇ ಹೆಚ್ಚು. ಕೆಲವು ಪಟ್ಟಿಗಳಲ್ಲಿ ಪ್ಯಾರಾಸಿಟಮಾಲ್ ಎಂದು ದೊಡ್ಡದಾಗಿ ಕಾಣುತ್ತೆ, ಅದರ ಪಕ್ಕದಲ್ಲೇ ಅಸೆಕ್ಲೋಫೆನಾಕ್ ಸೇರಿರುತ್ತೆ. ಜನ ಮೊದಲ ಹೆಸರು ಓದಿ ನಿಶ್ಚಿಂತರಾಗುತ್ತಾರೆ.

ನಿಮ್ಮ ಕಡೆಯ ರೈತರೊಬ್ಬರು ನನ್ನ ಬಳಿ ಬಂದಿದ್ದರು. ಬೇರೆ ಏನು ಔಷಧ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ಏನೂ ಇಲ್ಲ ಅಂದರು. ಹೆಂಡತಿ ಮೊಣಕೈಯಲ್ಲಿ ತಿವಿದರು. ಆಗ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಪಟ್ಟಿ ಹೊರಬಂತು. ಹತ್ತರಲ್ಲಿ ಏಳು ಗುಂಡಿ ಖಾಲಿ. "ಇದು ಔಷಧ ಅಲ್ರೀ, ಬರೇ ನೋವಿನ ಗುಳಿಗಿ" ಅಂದರು. ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಬೀಡಿ, ಅಡಿಕೆಯ ಹಾಗೆ ಜೇಬಿನ ಸಾಮಾನು. ಮಾತ್ರೆ ನಿಂತ ಆರು ವಾರಕ್ಕೆ ಅವರ ಕ್ರಿಯಾಟಿನಿನ್ 2.4ರಿಂದ 1.6ಕ್ಕೆ ಬಂತು. ಎಲ್ಲರಿಗೂ ಹೀಗೆ ಆಗುತ್ತೆ ಎಂದು ನಾನು ಮಾತು ಕೊಡುವುದಿಲ್ಲ. ಆದರೆ ನಿಮ್ಮ ಅಪ್ಪನ 1.9ರಲ್ಲಿ ಎಷ್ಟು ಪಾಲು ಶುಗರ್‌ನದು, ಎಷ್ಟು ಪಾಲು ಆ ಗುಳಿಗಿಯದು ಎಂದು ಮಾತ್ರೆ ನಿಲ್ಲಿಸದೆ ಯಾವ ಡಾಕ್ಟರಿಗೂ ಹೇಳಲಾಗುವುದಿಲ್ಲ.

ಅದು ಕಿಡ್ನಿಗೆ ಮಾಡುವುದೇನು? ತುಂಗಭದ್ರೆಯ ಎಡದಂಡೆ ಕಾಲುವೆ ನಿಮಗೆ ಗೊತ್ತಿರುತ್ತೆ ಅಲ್ವಾ. ಗದ್ದೆಗೆ ನೀರು ಬರುವ ತೂಬು ಒಂದು, ಹೊರಹೋಗುವ ತೂಬು ಇನ್ನೊಂದು ಇದೆ ಅಂದುಕೊಳ್ಳಿ. ಗದ್ದೆಯಲ್ಲಿ ಎಷ್ಟು ನೀರು ನಿಲ್ಲಬೇಕು ಎಂಬುದನ್ನು ಇವೆರಡೂ ಸೇರಿ ತೀರ್ಮಾನಿಸುತ್ತವೆ. ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ಸಣ್ಣ ಗಂಟುಗಳಿವೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ. ಪ್ರತಿ ಗಂಟಿಗೂ ಒಳಬರುವ ರಕ್ತನಾಳ ಒಂದು, ಹೊರಹೋಗುವ ರಕ್ತನಾಳ ಒಂದು. ಬಿಸಿಲಲ್ಲಿ ಬೆವರು ಸುರಿದು ದೇಹದಲ್ಲಿ ನೀರು ಕಡಿಮೆಯಾದಾಗ ದೇಹ ತಾನೇ ಒಂದು ರಾಸಾಯನಿಕ ತಯಾರಿಸಿ ಒಳಬರುವ ತೂಬನ್ನು ಅಗಲ ಮಾಡಿಕೊಳ್ಳುತ್ತೆ. ನೋವಿನ ಮಾತ್ರೆ ತಡೆಯುವುದು ಅದೇ ರಾಸಾಯನಿಕವನ್ನು. ನೋವು ಹೋಗುತ್ತೆ, ಜೊತೆಗೆ ತೂಬೂ ಮುಚ್ಚಿಕೊಳ್ಳುತ್ತೆ. ಏಪ್ರಿಲ್ ಬಿಸಿಲು, ಹೊಲದ ಕೆಲಸ, ದಿನಕ್ಕೆರಡು ಮಾತ್ರೆ. ಅದರ ಮೇಲೆ ಬಿಪಿಯ ಮಾತ್ರೆ ಟೆಲ್ಮಿಸಾರ್ಟನ್ ಸೇರಿದರೆ ಹೊರಹೋಗುವ ತೂಬೂ ತೆರೆದುಕೊಳ್ಳುತ್ತೆ. ಗದ್ದೆ ಒಣಗದೆ ಏನಾಗುತ್ತೆ? ಟೆಲ್ಮಿಸಾರ್ಟನ್ ಒಂದೇ ಇದ್ದರೆ ಒಳ್ಳೆಯ ಔಷಧ. ನೋವಿನ ಮಾತ್ರೆಯ ಜೊತೆ ಅದನ್ನು ಇಡಬಾರದು.

ಹಾಗಾದರೆ ಮೊಣಕಾಲಿಗೆ? ಬರೀ ಪ್ಯಾರಾಸಿಟಮಾಲ್ ನಡೆಯುತ್ತೆ. ನಿಮ್ಮ ಡಾಕ್ಟರು ಬೇರೆ ಹೇಳದಿದ್ದರೆ 650ರ ಮಾತ್ರೆ ದಿನಕ್ಕೆ ಮೂರು ಮೀರುವುದು ಬೇಡ. ಬಿಸಿ ಶಾಖ, ಮಂಡಿಗೆ ಪಟ್ಟಿ, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ. ಗೋಡೆಗೆ ಒರಗಿ ಕೂತು, ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಹತ್ತು ಎಣಿಸುವ ತನಕ ಒತ್ತಿ ಹಿಡಿಯುವುದು. ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ಸಲ. ಮಾತ್ರೆಯಷ್ಟು ಬೇಗ ಗುಣ ಕಾಣದು. ಒಂದೂವರೆ ಎರಡು ತಿಂಗಳು ಹಿಡಿಯುತ್ತೆ ಎಂದು ಅಪ್ಪನಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ನಾಲ್ಕನೇ ದಿನಕ್ಕೆ ಮತ್ತೆ ಮೆಡಿಕಲ್ ಅಂಗಡಿಗೆ ಹೋಗುತ್ತಾರೆ.

ಇನ್ನು ಶುಗರ್ ಇಳಿದ ವಿಷಯ. ಇದು ಖುಷಿ ಪಡುವ ಸುದ್ದಿ ಆಗಿರಬೇಕೆಂದಿಲ್ಲ. ದೇಹದ ಇನ್ಸುಲಿನ್ ಕೆಲಸ ಮುಗಿಸಿದ ಮೇಲೆ ಅದರ ಒಂದು ಪಾಲನ್ನು ಕರಗಿಸಿ ಹಾಕುವುದು ಕಿಡ್ನಿ. ಗ್ಲಿಮೆಪಿರೈಡ್‌ನ ಉಳಿಕೆಯನ್ನು ಹೊರಹಾಕುವುದರಲ್ಲೂ ಕಿಡ್ನಿಯ ಪಾಲಿದೆ. ಕಿಡ್ನಿ ನಿಧಾನವಾದರೆ ಎರಡೂ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ. ಹಳೆಯ ಡೋಸೇ ಈಗ ಹೆಚ್ಚಾಗುತ್ತೆ. ಊಟ ಹಾಗೇ ಇದ್ದು ಶುಗರ್ ತಾನಾಗೇ ಇಳಿದರೆ ನಾವು ಕಿಡ್ನಿಯ ಕಡೆ ನೋಡುವುದು ಅದಕ್ಕೇ. ನಸುಕಿನಲ್ಲಿ ಬೆವರು, ಕೈ ನಡುಕ, ತಲೆ ಸುತ್ತು, ಸುಮ್ನೆ ಸಿಡುಕುವುದು, ಇವೆಲ್ಲ ಶುಗರ್ ಅತಿಯಾಗಿ ಇಳಿದ ಗುರುತು. ಹೀಗೇನಾದರೂ ಇದೆಯಾ ಎಂದು ಅಮ್ಮನನ್ನು ಕೇಳಿ. ಅಪ್ಪಂದಿರು ಹೇಳುವುದಿಲ್ಲ. ಗ್ಲಿಮೆಪಿರೈಡ್ ಡೋಸ್ ಇಳಿಸಬೇಕೇ ಎಂದು ಈ ವಾರವೇ ಡಾಕ್ಟರನ್ನು ಕೇಳಿ. ಮೆಟ್‌ಫಾರ್ಮಿನ್ ಬಗ್ಗೆ ಊರಿನವರ ಮಾತು ತಪ್ಪು. ಅದು ಕಿಡ್ನಿ ಹಾಳು ಮಾಡುವುದಿಲ್ಲ. ಕಿಡ್ನಿ ಶಕ್ತಿ 45ಕ್ಕಿಂತ ಕೆಳಗೆ ಹೋದಾಗ ಡೋಸ್ ಕಡಿಮೆ ಮಾಡುತ್ತೇವೆ, 30ಕ್ಕಿಂತ ಕೆಳಗೆ ಹೋದರೆ ನಿಲ್ಲಿಸುತ್ತೇವೆ. ಹೊರಹೋಗದೆ ದೇಹದಲ್ಲೇ ಶೇಖರವಾಗುತ್ತೆ ಎಂಬುದು ಅದಕ್ಕೆ ಕಾರಣ. ಹನ್ನೆರಡು ವರ್ಷ ಹತೋಟಿಗೆ ಸಿಗದ ಶುಗರ್ ಕಿಡ್ನಿಯನ್ನು ಕೆಡಿಸುತ್ತೆ. ಅದನ್ನು ಹಿಡಿದಿಡಲು ಕೊಟ್ಟ ಮಾತ್ರೆಯ ಮೇಲೆ ಅಪವಾದ ಬರುತ್ತೆ.

ಈ 45, 30 ಎಂದರೇನು? ಇಲ್ಲಿ ಸ್ವಲ್ಪ ನಿಂತು ಕಿಡ್ನಿಯ ಕೆಲಸ ನೋಡೋಣ. ಕಿಡ್ನಿ ಟೀ ಸೋಸುವ ಜಾಲರಿಯಂತೆ ಎಂದು ಹೇಳುವವರು ಬಹಳ. ನನಗೆ ಆ ಹೋಲಿಕೆ ಸಾಲದು ಅನ್ನಿಸುತ್ತೆ. ದಸರೆಗೆ ಮೊದಲು ಮನೆ ಸ್ವಚ್ಛ ಮಾಡುವುದನ್ನು ನೆನಪಿಸಿಕೊಳ್ಳಿ. ಪಾತ್ರೆ, ಡಬ್ಬಿ, ಹಾಸಿಗೆ ಎಲ್ಲವನ್ನೂ ಅಂಗಳಕ್ಕೆ ಹಾಕಿ, ಬೇಕಾದ್ದನ್ನು ಒಂದೊಂದಾಗಿ ಒಳಗೆ ತಂದು ಜೋಡಿಸಿ, ಬೇಡದ್ದನ್ನು ಮಾತ್ರ ಹೊರಗೆ ಬಿಡುತ್ತೀರಿ. ಕಿಡ್ನಿ ದಿನಾ ಮಾಡುವುದು ಇದನ್ನೇ. ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತೆ. ಅಂದರೆ ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಒಂಬತ್ತು. ಅದರಲ್ಲಿ ನೀರು, ಉಪ್ಪು, ಸಕ್ಕರೆ ಎಲ್ಲ ಇರುತ್ತೆ. ಬೇಕಾದ್ದನ್ನು ಹೀರಿಕೊಂಡು ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಕಳಿಸುತ್ತೆ. ಜೊತೆಗೆ ಬಿಪಿ ಸಂಭಾಳಿಸುವುದು, ಮೂಳೆಗೆ ಬೇಕಾದ ವಿಟಮಿನ್ ಡಿ ಸಿದ್ಧ ಮಾಡುವುದು, ರಕ್ತ ತಯಾರಿಸು ಎಂದು ಮೂಳೆಯ ಮಜ್ಜೆಗೆ ಹಾರ್ಮೋನ್ ಕಳಿಸುವುದೂ ಅದರ ಕೆಲಸವೇ. ಬರೀ ಕಬ್ಬಿಣದ ಮಾತ್ರೆಗೆ ಕಿಡ್ನಿ ರೋಗಿಗಳ ರಕ್ತಹೀನತೆ ಪೂರ್ತಿ ಬಗ್ಗದಿರುವುದು ಈ ಹಾರ್ಮೋನ್ ಕಡಿಮೆಯಾಗುವುದರಿಂದ.

ಕ್ರಿಯಾಟಿನಿನ್ ಎಂದರೆ ಸ್ನಾಯುಗಳು ದಿನವೂ ಬಿಡುವ ಕಸ. ಕಿಡ್ನಿ ಅದನ್ನು ಎಷ್ಟು ಗುಡಿಸುತ್ತಿದೆ ಎಂದು ನೋಡಿ ನಾವು ಕಿಡ್ನಿಯ ಶಕ್ತಿ ಅಂದಾಜು ಮಾಡುತ್ತೇವೆ. ಆ ಅಂದಾಜಿಗೆ ಇಜಿಎಫ್‌ಆರ್ ಎನ್ನುತ್ತೇವೆ. ಯುವಕರಲ್ಲಿ ಅದು ನಿಮಿಷಕ್ಕೆ 90ರಿಂದ 120 ಮಿಲಿ ಇರುತ್ತೆ. 58 ವರ್ಷದ ಗಂಡಸಿಗೆ 1.9 ಬಂದರೆ ಲೆಕ್ಕದಲ್ಲಿ 40ರ ಹತ್ತಿರ. ಐದು ಹಂತದ ಅಳತೆಯಲ್ಲಿ ಮೂರನೆಯ ಹಂತದ ಕೆಳಭಾಗ. ಬರೀ ಅಂಕಿ ನೋಡಿ ಮೋಸ ಹೋಗಬಾರದು. 70 ವರ್ಷದ ಸಣಕಲು ಅಜ್ಜಿಗೆ 1.2 ಬಂದರೆ ಮನೆಯವರು ನಿಶ್ಚಿಂತರಾಗುತ್ತಾರೆ, ಆದರೆ ಅವರ ಶಕ್ತಿ ಆಗಲೇ 50ರ ಆಸುಪಾಸಿಗೆ ಬಂದಿರುತ್ತೆ. ಇನ್ನೊಂದು ವಿಷಯ ಜನರಿಗೆ ಯಾರೂ ಹೇಳಿರುವುದಿಲ್ಲ. ಕ್ರಿಯಾಟಿನಿನ್ 1ರಿಂದ 2ಕ್ಕೆ ಏರಿದಾಗ ಅರ್ಧದಷ್ಟು ಶಕ್ತಿ ಹೋಗಿರುತ್ತೆ. 4ರಿಂದ 5ಕ್ಕೆ ಏರಿದಾಗ ಹೋಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಉಳಿಸಿಕೊಳ್ಳಲು ಹೆಚ್ಚು ಇರುವುದು ಮೊದಲ ಏರಿಕೆಯ ಹೊತ್ತಿನಲ್ಲೇ, ಅಂದರೆ ನೀವು ಈಗ ನಿಂತಿರುವ ಜಾಗದಲ್ಲಿ.

ನೋವಿಲ್ಲ, ಮೂತ್ರ ಚೆನ್ನಾಗಿ ಹೋಗುತ್ತೆ ಎಂದಿದ್ದೀರಿ. ಕಿಡ್ನಿ ಒಳಗೊಳಗೇ ಸವೆಯುವಾಗ ನೋಯುವುದಿಲ್ಲ. ನೋಯುವುದು ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡಾಗ, ಸೋಂಕಾದಾಗ, ಕಿಡ್ನಿ ಊದಿಕೊಂಡಾಗ. ಸೊಂಟ ನೋವು ಎಂದು ಹೆದರಿ ಬರುವವರಲ್ಲಿ ಹೆಚ್ಚಿನವರ ಕಿಡ್ನಿ ಚೆನ್ನಾಗಿರುತ್ತೆ. ನಿಜವಾಗಿ ಕೆಟ್ಟವರು ಏನೂ ಆಗಿಲ್ಲ ಎನ್ನುತ್ತಾ ತಡವಾಗಿ ಬರುತ್ತಾರೆ. ಮೂತ್ರದ ಪ್ರಮಾಣವೂ ಭರವಸೆ ಕೊಡುವುದಿಲ್ಲ. ಸವೆದ ಕಿಡ್ನಿಗೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಹೋಗುತ್ತೆ. ಹಾಗಾಗಿ ಕಸ ಕಡಿಮೆ, ನೀರು ಜಾಸ್ತಿ. ರಾತ್ರಿ ಮೂರು ಸಲ ಏಳುವುದು ಈ ಕಾರಣಕ್ಕೂ ಇರಬಹುದು.

ಆದರೆ 58 ದಾಟಿದ ಗಂಡಸಿನಲ್ಲಿ ಇನ್ನೊಂದು ಕಾರಣವನ್ನೂ ನೋಡಲೇಬೇಕು. ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಗ್ರಂಥಿ ಬೆಳೆದು ದಾರಿ ಒತ್ತಿದರೆ ಚೀಲ ಪೂರ್ತಿ ಖಾಲಿಯಾಗುವುದಿಲ್ಲ. ಉಳಿದ ಮೂತ್ರದ ಒತ್ತಡ ಹಿಂದಕ್ಕೆ ಏರಿ ಎರಡೂ ಕಿಡ್ನಿಗಳನ್ನು ಕೆಡಿಸುತ್ತೆ. ಶುಗರ್‌ನಿಂದ ಚೀಲದ ನರ ಸೋತರೂ ಹೀಗೇ. ಧಾರೆ ಸಣ್ಣಗಾಗಿದೆಯೇ, ಶುರುವಾಗಲು ಕಾಯಬೇಕೇ, ಮುಗಿದ ಮೇಲೂ ತೊಟ್ಟಿಕ್ಕುತ್ತದೆಯೇ ಎಂದು ಅಣ್ಣತಮ್ಮಂದಿರ ಮೂಲಕವಾದರೂ ಅಪ್ಪನನ್ನು ಕೇಳಿಸಿ. ಹೊಟ್ಟೆಯ ಸ್ಕ್ಯಾನ್ ಮಾಡಿಸುವಾಗ ಮೂತ್ರ ಮಾಡಿ ಬಂದ ಮೇಲೆ ಎಷ್ಟು ಉಳಿದಿದೆ ಎಂದು ಅಳೆಯಿರಿ ಎಂದು ಹೇಳಿ. ಇದು ಸರಿಪಡಿಸಬಹುದಾದ ಕಾರಣ. ಬಿಟ್ಟುಹೋದರೆ ಬಹಳ ಬೇಸರದ ತಪ್ಪು.

ಈಗ ಮುಂದಿನ ಹೆಜ್ಜೆ. ನೋವಿನ ಮಾತ್ರೆ ನಿಂತು ಎರಡು ವಾರಕ್ಕೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಮತ್ತೆ ಮಾಡಿಸಿ. ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ ಮಾಡಿಸಿ. ಎರಡು ಪ್ಲಸ್ ಎಂಬುದು ಕಣ್ಣಂದಾಜು, ಅನುಪಾತ ತೂಕದ ಲೆಕ್ಕ. 30ರೊಳಗಿದ್ದರೆ ಸರಿ, 300 ದಾಟಿದರೆ ಸವೆತ ಜೋರಾಗಿದೆ ಎಂದು ಅರ್ಥ. ಕಣ್ಣಿನ ಒಳಪರದೆಯನ್ನೂ ತೋರಿಸಿ. ಶುಗರ್ ಕಿಡ್ನಿಯ ಸಣ್ಣ ರಕ್ತನಾಳಗಳನ್ನು ಕೆಡಿಸಿದ್ದರೆ ಕಣ್ಣಿನಲ್ಲೂ ಗುರುತು ಇರುವುದು ಹೆಚ್ಚು. ಕಣ್ಣು ಪೂರ್ತಿ ಚೆನ್ನಾಗಿದ್ದರೆ ಬೇರೆ ಕಾರಣ ಹುಡುಕಬೇಕಾಗಬಹುದು. ಮೂರು ತಿಂಗಳ ಮೇಲೂ ಅಂಕಿಗಳು ಹೀಗೇ ಉಳಿದರೆ ಮಾತ್ರ ದೀರ್ಘಕಾಲದ ಕಿಡ್ನಿ ರೋಗ ಎಂದು ಹೆಸರಿಡುತ್ತೇವೆ. ಒಂದು ರಿಪೋರ್ಟ್ ಹಿಡಿದು ಯಾರೂ ತೀರ್ಪು ಕೊಡಬಾರದು.

ನಿಮ್ಮ ಡಾಕ್ಟರು ಬರೆದ ಎರಡೂ ಮಾತ್ರೆಗಳು ಸರಿಯಾದವು. ಶುಗರ್ ಇದ್ದವರ ಸೋಸುವ ಗಂಟುಗಳಲ್ಲಿ ಒತ್ತಡ ಜಾಸ್ತಿ. ಒಳತೂಬು ಅತಿಯಾಗಿ ಅಗಲವಾಗಿರುತ್ತೆ. ಡಪಾಗ್ಲಿಫ್ಲೋಜಿನ್ ಅದನ್ನು ಹದಕ್ಕೆ ತರುತ್ತೆ, ಟೆಲ್ಮಿಸಾರ್ಟನ್ ಹೊರತೂಬನ್ನು ಸಡಿಲಿಸುತ್ತೆ. ಒತ್ತಡ ಇಳಿದು ಗಂಟುಗಳು ಹೆಚ್ಚು ವರ್ಷ ಬಾಳುತ್ತವೆ. 2020ರಲ್ಲಿ ಬಂದ ಅಧ್ಯಯನವೊಂದರಲ್ಲಿ 4,300ಕ್ಕೂ ಹೆಚ್ಚು ಕಿಡ್ನಿ ರೋಗಿಗಳಿದ್ದರು. ಕಿಡ್ನಿ ಶಕ್ತಿ ಅರ್ಧಕ್ಕಿಳಿಯುವುದು, ಡಯಾಲಿಸಿಸ್ ಹಂತ ಮುಟ್ಟುವುದು, ಕಿಡ್ನಿ ಅಥವಾ ಹೃದಯದ ಕಾರಣಕ್ಕೆ ಸಾಯುವುದು, ಇವೆಲ್ಲ ಸೇರಿದ ಅಪಾಯ ಡಪಾಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ಸುಮಾರು ಶೇ 39ರಷ್ಟು ಕಡಿಮೆಯಾಯಿತು. ನಮ್ಮ ದೇಶದ ಹಲವು ಕಂಪನಿಗಳು ಇದನ್ನು ತಯಾರಿಸತೊಡಗಿದ ಮೇಲೆ ಬೆಲೆಯೂ ಕೈಗೆಟುಕುವಂತಾಗಿದೆ.

ಆದರೆ ಎರಡಕ್ಕೂ ಅವುಗಳದೇ ತೊಂದರೆ ಇದೆ. ಶುರು ಮಾಡಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರಬಹುದು. ಟೆಲ್ಮಿಸಾರ್ಟನ್‌ನಲ್ಲಿ ಶೇ 30ರವರೆಗಿನ ಏರಿಕೆಯನ್ನು ನಾವು ಸಹಿಸಿಕೊಳ್ಳುತ್ತೇವೆ. ಈ ಏರಿಕೆ ನೋಡಿ ಗಾಬರಿಯಿಂದ ಮಾತ್ರೆ ಬಿಟ್ಟವರನ್ನು ಎಷ್ಟೋ ಜನ ಕಂಡಿದ್ದೇನೆ. ನಮ್ಮ ಗುರಿ ಈ ತಿಂಗಳ ಅಂಕಿ ಇಳಿಸುವುದಲ್ಲ, ಮುಂದಿನ ಹದಿನೈದು ವರ್ಷದ ಇಳಿಜಾರನ್ನು ಚಪ್ಪಟೆ ಮಾಡುವುದು. ಟೆಲ್ಮಿಸಾರ್ಟನ್‌ನಿಂದ ಪೊಟ್ಯಾಸಿಯಂ ಏರಬಹುದು, ಅದಕ್ಕೇ ಎರಡು ವಾರದ ಪರೀಕ್ಷೆ. ಡಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುವುದರಿಂದ ಗುಪ್ತಾಂಗದಲ್ಲಿ ತುರಿಕೆ, ಶಿಲೀಂಧ್ರದ ಸೋಂಕು ಬರಬಹುದು. ಮೂತ್ರ ಮಾಡಿದ ಮೇಲೆ ನೀರಿನಲ್ಲಿ ತೊಳೆದು ಒರೆಸಿಕೊಂಡರೆ ಬಹುಪಾಲು ತಪ್ಪುತ್ತೆ. ಮುಖ್ಯವಾದದ್ದು, ವಾಂತಿ, ಭೇದಿ, ಜೋರು ಜ್ವರ, ಊಟ ಸೇರದಿರುವುದು, ಉಪವಾಸ, ಆಪರೇಷನ್, ಇಂಥ ದಿನಗಳಲ್ಲಿ ಡಪಾಗ್ಲಿಫ್ಲೋಜಿನ್, ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಮೂರನ್ನೂ ಡಾಕ್ಟರಿಗೆ ಫೋನ್ ಮಾಡಿ ತಾತ್ಕಾಲಿಕವಾಗಿ ನಿಲ್ಲಿಸಬೇಕು. ಊಟ ಸರಿಹೋದ ಮೇಲೆ ಮತ್ತೆ ಶುರು. ಇದನ್ನು ಒಂದು ಚೀಟಿಯಲ್ಲಿ ಬರೆದು ಮಾತ್ರೆ ಡಬ್ಬಿಗೆ ಅಂಟಿಸಿ.

ನೀರಿನ ವಿಷಯಕ್ಕೆ ಬರುತ್ತೇನೆ. ಐದು ಲೀಟರ್ ಬೇಡ. ನೀರು ಹುಯ್ದರೆ ಕಿಡ್ನಿ ತೊಳೆದುಹೋಗುತ್ತೆ ಎಂಬುದು ತಪ್ಪು ಕಲ್ಪನೆ. ಕಲ್ಲು ಆಗುವವರಿಗೆ ಜಾಸ್ತಿ ನೀರು ನಿಜಕ್ಕೂ ಔಷಧ, ಆ ಸಲಹೆ ಇಲ್ಲಿಗೆ ತಪ್ಪಾಗಿ ಬಂದಿದೆ. ಅಪ್ಪನಿಗೆ ಕಾಲು ಬಾವು ಇಲ್ಲದಿದ್ದರೆ ಬಾಯಾರಿಕೆ ಕೇಳಿದಷ್ಟು ಕುಡಿಯಲಿ, ಹೊಲಕ್ಕೆ ಹೋದ ದಿನ ಬೆವರಿಗೆ ತಕ್ಕಷ್ಟು ಹೆಚ್ಚು. ಬಾಳೆದಿಂಡೂ ಕಲ್ಲಿನ ಮನೆಮದ್ದಾಗಿ ಬಂದದ್ದು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಎಳನೀರಿನಲ್ಲೂ ಹಾಗೆ. ಶಕ್ತಿ ಕುಗ್ಗಿದ ಕಿಡ್ನಿ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ನಿಲ್ಲಬಹುದು. ಪೊಟ್ಯಾಸಿಯಂ ರಿಪೋರ್ಟ್ ಸರಿ ಬಂದ ಮೇಲೆ, ಬೇಯಿಸಿ ನೀರು ಬಸಿದ ಪಲ್ಯ ಯಾವಾಗಲಾದರೊಮ್ಮೆ ತಿಂದರೆ ಹೆದರಬೇಕಾದ್ದಿಲ್ಲ. ದಿನಾ ಬೆಳಿಗ್ಗೆ ಲೋಟದ ರಸ ಬೇಡವೇ ಬೇಡ. ಕರಾವಳಿಯಲ್ಲಿ ಶುಗರ್‌ಗೆ, ಕೊಲೆಸ್ಟ್ರಾಲ್‌ಗೆ ಎಂದು ಬಿಂಬುಳಿ ಎಂಬ ಹುಳಿಕಾಯಿಯ ರಸ ಕುಡಿಯುವವರಿದ್ದಾರೆ. ಅದರಲ್ಲಿರುವ ಆಕ್ಸಲೇಟ್ ಎಂಬ ರಾಸಾಯನಿಕ ಕಿಡ್ನಿಯಲ್ಲಿ ಹರಳಾಗಿ ಕಿಡ್ನಿ ನಿಂತ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಗಿಡದ್ದು ಎಂದ ಮಾತ್ರಕ್ಕೆ ತೊಂದರೆ ಇಲ್ಲ ಎನ್ನಲಾಗದು.

ಆ ಪುಡಿಯನ್ನು ಕೊಡಬೇಡಿ. ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆದಿಲ್ಲದ ಯಾವ ಪುಡಿಯೂ ಈಗ ಬೇಡ. ಕೆಲವದರಲ್ಲಿ ಪಾದರಸ, ಸೀಸದಂಥ ಲೋಹ ಇರುತ್ತೆ. ತಂದುಕೊಟ್ಟವರು ಪ್ರೀತಿಯಿಂದ ತಂದಿದ್ದಾರೆ, ಜಗಳ ಬೇಡ. ಡಾಕ್ಟರು ಪರೀಕ್ಷೆ ಮುಗಿಯುವ ತನಕ ಬೇಡ ಅಂದಿದ್ದಾರೆ ಎಂದು ನನ್ನ ಮೇಲೆ ಹಾಕಿ.

ಊಟದಲ್ಲಿ ನೀವು ಹಿಡಿಯಬೇಕಾದ್ದು ಉಪ್ಪು. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಜೋಳದ ರೊಟ್ಟಿ ಇರಲಿ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಚಟ್ನಿಪುಡಿ, ಸೋಡಾ ಹಾಕಿದ ಮಿರ್ಚಿ ಬಜ್ಜಿ ಕಡಿಮೆಯಾಗಲಿ. ಶೇಂಗಾ ಚಟ್ನಿಯನ್ನು ಮನೆಯಲ್ಲೇ ಅರ್ಧ ಉಪ್ಪಿನಲ್ಲಿ ಕುಟ್ಟಿ, ಹುಣಸೆಹುಳಿ ಹಿಂಡಿ. ನಾಲಿಗೆ ಮೂರ್ನಾಲ್ಕು ವಾರಕ್ಕೆ ಒಗ್ಗುತ್ತೆ. ಬಿಪಿಯವರಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪು ತರಬೇಡಿ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ತುಂಬಿರುತ್ತೆ. ಬೇಳೆ ಪೂರ್ತಿ ಬಿಡಿಸುವುದೂ ತಪ್ಪು. ಕೆಜಿ ತೂಕಕ್ಕೆ 0.8 ಗ್ರಾಂ ಪ್ರೋಟೀನ್ ಬೇಕೇ ಬೇಕು, ಇಲ್ಲದಿದ್ದರೆ ಸ್ನಾಯು ಕರಗುತ್ತೆ. ಬಿಪಿ 130/80ರೊಳಗೆ ಇರಲಿ. ಬೀಡಿ ಇದ್ದರೆ ಬಿಡಲಿ.

ಡಯಾಲಿಸಿಸ್ ಬಗ್ಗೆ. 40ರ ಶಕ್ತಿ ಇರುವವರಿಗೆ ಅದು ಇವತ್ತಿನ ಮಾತಲ್ಲ, ಎಷ್ಟೋ ಜನರಿಗೆ ಆ ದಿನವೇ ಬರುವುದಿಲ್ಲ. ಹಾವು ಕಚ್ಚಿದಾಗ, ಇಲಿಜ್ವರ ಬಂದಾಗ, ಭೇದಿಯಾಗಿ ಕಿಡ್ನಿ ದಿಢೀರ್ ನಿಂತಾಗ ಕೆಲವು ವಾರ ಡಯಾಲಿಸಿಸ್ ಮಾಡಿಸಿಕೊಂಡು ಆಮೇಲೆ ಅದು ಬೇಡವಾದವರು ಬಹಳ ಜನ ಇದ್ದಾರೆ. ಕೊನೆಯ ಹಂತದಲ್ಲಿ ಶುರುವಾದವರಿಗೆ ಬಿಡಲಾಗದು ನಿಜ, ಅದಕ್ಕೆ ಕಾರಣ ಕಿಡ್ನಿ ಮರಳಿ ಬಾರದಿರುವುದು. ಯಂತ್ರ ಚಟ ಹಿಡಿಸುವುದಿಲ್ಲ. ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ. ಕಿಡ್ನಿ ಕಸಿಗೆ ಮನೆಯವರು ದಾನ ಮಾಡಬಹುದು, ಇಲ್ಲವೇ ಮೃತರ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬಹುದು. ಈಗಲೇ ರೂಢಿ ಮಾಡಿಕೊಳ್ಳಬೇಕಾದ ಒಂದು ಸಣ್ಣ ವಿಷಯ ಹೇಳುತ್ತೇನೆ. ರಕ್ತ ತೆಗೆಯುವಾಗ, ಗ್ಲೂಕೋಸ್ ಹಾಕುವಾಗ ಎಡಗೈಯ ಮುಂದೋಳು ಬೇಡ, ಬಲಗೈಯ ಹಿಂಭಾಗ ತೋರಿಸಿ. ಅಪ್ಪ ಎಡಗೈಯವರಾದರೆ ಇದನ್ನು ತಿರುಗಿಸಿಕೊಳ್ಳಿ. ಮುಂದೆಂದಾದರೂ ಡಯಾಲಿಸಿಸ್ ಬೇಕಾದರೆ ಆ ಮುಂದೋಳಿನ ರಕ್ತನಾಳವೇ ದಾರಿ, ಅದು ಚುಚ್ಚಿ ಚುಚ್ಚಿ ಹಾಳಾಗಿರಬಾರದು.

ಕೊನೆಯದಾಗಿ, ಅಪ್ಪನಿಗೆ ಹೇಳಬೇಕೋ ಬೇಡವೋ. ಹೇಳಿ. ಹೆದರುತ್ತಾರೆ ಎಂದು ಮುಚ್ಚಿಟ್ಟ ಮನೆಗಳಲ್ಲಿ ರೋಗಿ ಗುಳಿಗಿ ನುಂಗುವುದನ್ನೂ ಮುಂದುವರಿಸುತ್ತಾರೆ, ಯಾಕಂದರೆ ನಿಲ್ಲಿಸಲು ಅವರಿಗೆ ಕಾರಣವೇ ಗೊತ್ತಿಲ್ಲ. ಊಟಕ್ಕೆ ಕೂತಾಗ ಬೇಡ, ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಹೇಳಿ. ಕಿಡ್ನಿ ಕೆಟ್ಟಿದೆ ಎಂದು ಶುರು ಮಾಡಬೇಡಿ. "ಅಪ್ಪಾ, ಕಿಡ್ನಿ ನೂರಕ್ಕೆ ನಲವತ್ತು ಕೆಲಸ ಮಾಡ್ತಾ ಇದೆ, ಆ ನಲವತ್ತನ್ನ ಉಳಿಸ್ಕೋಬೇಕು" ಅನ್ನಿ. ಬೆಳೆ ಕೈಕೊಟ್ಟ ವರ್ಷವೂ ಬಿತ್ತನೆ ಬೀಜ ತೆಗೆದಿಟ್ಟವರು ಅವರು, ಅರ್ಥವಾಗುತ್ತೆ. ಜೇಬಿನ ಪಟ್ಟಿಯನ್ನು ನೀವು ಕಿತ್ತುಕೊಳ್ಳಬೇಡಿ, ಅವರೇ ತೆಗೆದು ಕೊಡಲಿ. ಎರಡು ವಾರದ ರಿಪೋರ್ಟ್ ಬಂದ ಮೇಲೆ ಮತ್ತೆ ಬರೆಯಿರಿ. ಈಗಿನ ಎಲ್ಲ ಮಾತ್ರೆಗಳ ಹೆಸರು, ಡೋಸ್, ಸ್ಕ್ಯಾನ್‌ನಲ್ಲಿ ಉಳಿದ ಮೂತ್ರದ ಅಳತೆ ಜೊತೆಗಿರಲಿ. ನಿಮಗೂ ನಿಮ್ಮ ಅಣ್ಣತಮ್ಮಂದಿರಿಗೂ 30 ದಾಟಿದ್ದರೆ, ಅದೇ ದಿನ ನಿಮ್ಮ ಬಿಪಿ, ಶುಗರ್, ಮೂತ್ರವನ್ನೂ ಪರೀಕ್ಷೆ ಮಾಡಿಸಿ.